ಗೋಡೆಯ ಮೇಲಿನ ನಂಬರು

ಸೋಮವಾರ ಬೆಳಿಗ್ಗೆ ಪೇಂಟರು ಬಿಳಿ ಬಣ್ಣದ ಡಬ್ಬವನ್ನೂ ಏಣಿಯನ್ನೂ ಹೊತ್ತುಕೊಂಡು ಬೀಗದ ಅಂಗಡಿಯ ಮುಂದೆ ಬಂದು ನಿಂತಾಗ, ನಂಬರಕ್ಕನಿಗೆ ಗೆದ್ದ ಖುಷಿ ಆಗಬೇಕಿತ್ತು. ಊರಿನ ಗೋಡೆಗಳ ಮೇಲೆಲ್ಲ ಮೆರೆಯುತ್ತಿದ್ದ ಆ ಫೋನ್ ನಂಬರನ್ನು ಅಳಿಸಿಹಾಕಿ ಎಂದು ಗಂಡನ ಬೆನ್ನು ಬಿದ್ದವಳು ಅವಳೇ. ಇವತ್ತು ಒಂದೊಂದೇ ಗೋಡೆಗೆ ಬಿಳಿ ಬಳಿದು, ಒಣಗಿದ ಮೇಲೆ ಹೊಸ ನಂಬರು ಬರೆಯುವುದೆಂದು ತೀರ್ಮಾನವಾಗಿತ್ತು. ಸಂಜೆಯ ಹೊತ್ತಿಗೆ ಹಳೆಯ ನಂಬರಿನ ಋಣ ಹರಿಯುತ್ತಿತ್ತು. ಆದರೆ ಗಂಡ ಆ ಹಳೆಯ ಫೋನನ್ನು ಜೇಬಿನಿಂದ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಅವಳ ಮುಂದಿಟ್ಟ ರೀತಿ ನೋಡಿ ಅವಳ ಖುಷಿ ಅರ್ಧಕ್ಕೇ ನಿಂತುಹೋಯಿತು.

“ಎಲ್ಲಾ ಗೋಡೆ ಮುಗಿಯೋವರೆಗೂ ಇದು ನಿನ್ನ ಹತ್ರ ಇರಲಿ,” ಎಂದ. “ಬಂದ ಫೋನು ಎತ್ತು. ಇವತ್ತೊಂದು ದಿನ ಕತ್ತರಿಸಬೇಡ. ಪೂರ್ತಿ ಕೇಳು.”

“ಶಾಂಪೂ ಮಾರೋರ ಮಾತೂ ಪೂರ್ತಿ ಕೇಳಬೇಕಾ?”

“ಪೂರ್ತಿ ಅಂದ್ರೆ ಪೂರ್ತಿ ಕಣೇ.”

ಅಷ್ಟು ಹೇಳಿ ಏಣಿಯ ಒಂದು ತುದಿ ಹಿಡಿದ. ಪೇಂಟರು ಇನ್ನೊಂದು ತುದಿ ಹಿಡಿದ. ಇಬ್ಬರೂ ರಸ್ತೆಯ ತಿರುವಿನಲ್ಲಿ ಮರೆಯಾದರು.

ಈ ನಂಬರಿನ ಪುರಾಣ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಗಂಡಹೆಂಡಿರು ಸೇರಿ ಬೀಗದ ಅಂಗಡಿ ಹಾಕಿದ ಹೊಸದರಲ್ಲಿ ಗೋಡೆಗಳ ಮೇಲೆ ಜಾಹೀರಾತು ಬರೆಸಿದ್ದರು. ಅಂಗಡಿಯ ಹೆಸರು ದೊಡ್ಡದಾಗಿ, ‘ಎಲ್ಲ ತರಹದ ಬೀಗ ತೆಗೆದುಕೊಡಲಾಗುವುದು’ ಎಂಬುದು ಮಧ್ಯದಲ್ಲಿ, ಫೋನ್ ನಂಬರು ಕೆಳಗೆ ಸಣ್ಣದಾಗಿ ಎಂದು ಪೇಂಟರಿಗೆ ಹೇಳಿದ್ದರು. ಇದೇ ಪೇಂಟರು, ಆಗ ಇನ್ನೂ ಕೈ ಕುದುರದ ಕಾಲ. ಅಂಕಿ ಬರೆಯುವುದು ಸುಲಭ ಎಂದು ಅವನು ದೊಡ್ಡ ಬ್ರಷ್ಷಿನಲ್ಲಿ ಮೊದಲು ನಂಬರಿಗೇ ಕೈ ಹಾಕಿದ. ಮೊಳದುದ್ದದ ಅಂಕಿಗಳು ಗೋಡೆಯನ್ನೆಲ್ಲ ನುಂಗಿಕೊಂಡವು. ಉಳಿದ ಅಂಗೈಯಗಲ ಜಾಗದಲ್ಲಿ ಅಂಗಡಿಯ ಹೆಸರನ್ನು ತುರುಕಿದ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗಾಡಿಗಳು ಎರಚಿದ ಕೆಸರಿಗೆ ಹೆಸರು ಮುಚ್ಚಿಹೋಯಿತು, ನಂಬರು ಮಾತ್ರ ನಗುತ್ತಾ ನಿಂತಿತು.

ನಂಬರಾದರೂ ಎಂಥದು! ಜೋಡಿ ಜೋಡಿ ಅಂಕಿಗಳು, ಕೊನೆಯಲ್ಲಿ ಏಳು ಏಳು ಏಳು. ಮಕ್ಕಳು ಹಗ್ಗದಾಟ ಆಡುವಾಗ ಅದನ್ನೇ ಲೆಕ್ಕಕ್ಕೆ ಹಾಡಿಕೊಳ್ಳುತ್ತಿದ್ದರು. ಊರಿನಲ್ಲಿ ಅಂಗಡಿಯ ಹೆಸರು ಯಾರಿಗೂ ಗೊತ್ತಿರಲಿಲ್ಲ, ಯಜಮಾನನ ಹೆಸರಂತೂ ಮೊದಲೇ ಗೊತ್ತಿರಲಿಲ್ಲ. ಅವನು ನಂಬರಣ್ಣನಾದ, ಅವಳು ನಂಬರಕ್ಕನಾದಳು. ಅಪ್ಪ ಅಮ್ಮ ಇಟ್ಟ ಚಂದದ ಹೆಸರೊಂದು ಇರುವಾಗ ಬಸ್ಸಿಗೆ ಕರೆಯುವ ಹಾಗೆ ನಂಬರು ಹಿಡಿದು ಕರೆಯುತ್ತಾರಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಂಗಡಿಯೆಂದರೆ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಇಬ್ಬರು ಅಕ್ಕಪಕ್ಕ ನಿಂತರೆ ಮೂರನೆಯವರು ಉಸಿರಾಡಲು ಹೊರಗೆ ಹೋಗಬೇಕು. ಬಾಗಿಲು ತೆಗೆಯಲು ಹೋಗುವವನು ಅವನು. ಅಂಗಡಿಯಲ್ಲಿ ಕೂತು ಕೀ ಕೊರೆಯುವವಳು ಅವಳು. ಯಂತ್ರದ ಒಂದು ಹಿಡಿಯಲ್ಲಿ ಹಳೆಯ ಕೀ, ಇನ್ನೊಂದರಲ್ಲಿ ಹಲ್ಲಿಲ್ಲದ ಹೊಸ ಕೀ ಕಚ್ಚಿಸಿ ಗುಂಡಿ ಒತ್ತಿದರೆ ಕಿವಿ ಕೊರೆಯುವ ಸದ್ದಿನೊಂದಿಗೆ ಹಿತ್ತಾಳೆಯ ಪುಡಿ ಹಾರುತ್ತಿತ್ತು. ಅವಳ ಏಪ್ರನ್ನು, ಹುಬ್ಬು, ಟೀ ಲೋಟ ಎಲ್ಲದರ ಮೇಲೂ ಅದರ ಹೊಳಪು ಕೂರುತ್ತಿತ್ತು. ಕೊರೆದ ಕೀಯನ್ನು ಅರದಿಂದ ಉಜ್ಜಿ, ಹೆಬ್ಬೆರಳಲ್ಲಿ ಸವರಿ ನೋಡಿ, ಗಂಟು ತಗುಲಿದರೆ ಮತ್ತೆ ಉಜ್ಜುತ್ತಿದ್ದಳು.

ಅವಳ ಬೆನ್ನ ಹಿಂದೆ ಗೋಡೆಯಲ್ಲಿ ಒಂದು ಮೊಳೆಯಿತ್ತು. ಅದರ ಮೇಲೆ ನೇತಾಡುವ ಕೀಗಳು ಮಾರಾಟಕ್ಕಲ್ಲ. ಒಂಟಿಯಾಗಿರುವವರು, ಹೊಸದಾಗಿ ಊರಿಗೆ ಬಂದವರು ಎರಡು ಕೀ ಮಾಡಿಸಿ, ಒಂದನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. “ಒಂದು ನಿಮ್ಮಲ್ಲೇ ಇರಲಿ,” ಎನ್ನುತ್ತಿದ್ದರು. ಗುರುತಿಗೆ ಒಬ್ಬರು ದಾರ ಕಟ್ಟಿದರೆ ಇನ್ನೊಬ್ಬರು ರಿಬ್ಬನ್ ಕಟ್ಟುತ್ತಿದ್ದರು. ಇದನ್ನು ಯಾರು ಶುರು ಮಾಡಿದರೋ ತಿಳಿಯದು. ನಂಬರಣ್ಣ ಯಾರಿಗೂ ಇಲ್ಲ ಎಂದವನಲ್ಲ.

ಕಾಟ ಶುರುವಾದದ್ದು ಫೋನಿನಿಂದ. ಮೊದಲು ಅಲ್ಲೊಂದು ಇಲ್ಲೊಂದು ಬರುತ್ತಿದ್ದ ಫೋನುಗಳು ಬರಬರುತ್ತಾ ಜಡಿಮಳೆಯಾದವು. “ಸರ್, ನೀವು ಕೊಂಡ ಹಾಸಿಗೆಯಲ್ಲಿ ನಿದ್ದೆ ಹೇಗೆ ಬರ್ತಿದೆ?” “ಮೇಡಂ, ನಮ್ಮ ಪಾರ್ಲರಿನಲ್ಲಿ ಕೂದಲು ಕತ್ತರಿಸಿದ್ದು ಸಮಾಧಾನ ಆಯ್ತಾ?” “ಸರ್, ನಿಮ್ಮ ನಾಯಿಮರಿಗೆ ಎರಡನೇ ಇಂಜೆಕ್ಷನ್ ಬಾಕಿ ಇದೆ.” ನಾಯಿಯನ್ನು ಕಂಡರೆ ರಸ್ತೆ ದಾಟುವ ನಂಬರಕ್ಕ ಫೋನು ಹಿಡಿದುಕೊಂಡು ಪೆಚ್ಚಾಗಿ ನಿಲ್ಲುತ್ತಿದ್ದಳು.

ಗುಟ್ಟು ಬಯಲಾದದ್ದು ದೊಡ್ಡ ಬಟ್ಟೆ ಅಂಗಡಿಯಲ್ಲಿ. ಬಿಲ್ಲು ಮಾಡಿಸಲು ಸಾಲಿನಲ್ಲಿ ನಿಂತಿದ್ದಳು. ಮುಂದಿದ್ದ ಹೆಂಗಸನ್ನು ಕ್ಯಾಷಿಯರ್ ಹುಡುಗಿ ಫೋನ್ ನಂಬರು ಕೇಳಿದಳು. ಆ ಹೆಂಗಸು ರೆಪ್ಪೆ ಮಿಟುಕಿಸದೆ ಗೋಡೆಯ ಮೇಲಿನ ನಂಬರನ್ನು ಗಡಗಡ ಒಪ್ಪಿಸಿದಳು. ಕೊನೆಗೆ ಏಳು ಏಳು ಏಳು. ನಂಬರಕ್ಕ ಬಾಯಿ ತೆರೆಯುವಷ್ಟರಲ್ಲಿ ಅವಳು ಚೀಲ ಹಿಡಿದು ಹೊರಟೇ ಹೋಗಿದ್ದಳು. ಸ್ವಂತ ನಂಬರು ಕೊಟ್ಟರೆ ಫೋನುಗಳ ಕಾಟ ಎಂದು ಊರಿಗೆ ಊರೇ ಬಾಯಿಗೆ ಬಂದ ನಂಬರು ಕೊಡುತ್ತಿತ್ತು. ಎಲ್ಲರ ಬಾಯಿಗೂ ಬರುತ್ತಿದ್ದದ್ದು ಅದೊಂದೇ!

ಅವಳ ಸರದಿ ಬಂತು. ಸಿಟ್ಟಿನಲ್ಲೇ ತಮ್ಮ ಅಂಗಡಿಯ ನಂಬರನ್ನೇ ಹೇಳಿದಳು. ಕ್ಯಾಷಿಯರ್ ಹುಡುಗಿ ಮುಖ ಎತ್ತಿ ನೋಡಿ, “ಅಮ್ಮಾ, ಎಲ್ಲರೂ ಇದನ್ನೇ ಹೇಳ್ತಾರೆ. ದಯವಿಟ್ಟು ನಿಮ್ಮ ಸ್ವಂತ ನಂಬರು ಹೇಳಿ,” ಎಂದಳು.

“ಇದು ನಮ್ಮದೇ ಕಣಮ್ಮ!”

“ಅದನ್ನೂ ಎಲ್ಲರೂ ಹೇಳ್ತಾರೆ.”

ಹಿಂದೆ ನಿಂತವರೆಲ್ಲ ನಕ್ಕರು. ನಂಬರಕ್ಕ ಕೊಂಡ ಬಟ್ಟೆಯನ್ನು ಅಲ್ಲೇ ಬಿಟ್ಟು ಬಂದಳು.

ಮನೆಗೆ ಬಂದು ಕಥೆ ಹೇಳಿ, ಗಂಡನಿಗೂ ಸಿಟ್ಟು ಬರಲಿ ಎಂದು ಕಾದಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅವನು ಕಣ್ಣರಳಿಸಿ ಕೂತ. “ಅಂದ್ರೆ ನಿನ್ನೆ ತೊಟ್ಟಿಲು ಹೇಗಿದೆ ಅಂತ ಕೇಳಿದ್ರಲ್ಲ, ಇಲ್ಲೇ ಯಾರೋ ತೊಟ್ಟಿಲು ತಗೊಂಡಿದ್ದಾರೆ! ನಮ್ಮೂರಲ್ಲೇ ಮಗು ಹುಟ್ಟಿದೆ ಕಣೇ!” ಎಂದ. ಎದ್ದು ಕಿಟಕಿಯ ಬಳಿ ಹೋಗಿ, ಎದುರಿನ ಕಟ್ಟಡದ ದೀಪ ಹತ್ತಿದ ಕಿಟಕಿಗಳನ್ನು ನೋಡುತ್ತಾ ನಿಂತ. ಯಾರೋ ಹಲ್ಲು ಕಟ್ಟಿಸಿಕೊಂಡಿದ್ದಾರೆ, ಯಾರೋ ಮೊದಲ ಸಲ ವಿಮಾನ ಹತ್ತುತ್ತಿದ್ದಾರೆ, ಯಾರೋ ವಯಸ್ಸಾದ ಮೇಲೆ ಪಿಟೀಲು ಕಲಿಯಲು ಸೇರಿದ್ದಾರೆ. ಎಲ್ಲ ಸುದ್ದಿಯೂ ತನ್ನ ಜೇಬಿಗೆ ಬಂದು ಬೀಳುತ್ತದಲ್ಲ ಎಂದು ಅವನಿಗೆ ಬೆರಗೋ ಬೆರಗು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದರೆ ಇವನೇ ಎಂದು ಅವಳು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಅವನು ಯಾವ ಫೋನನ್ನೂ ಅರ್ಧಕ್ಕೆ ಕತ್ತರಿಸುತ್ತಿರಲಿಲ್ಲ. ಮಾರುವವರ ಮಾತು ಮುಗಿಯುವ ತನಕ ಕೇಳಿ, “ಅಮ್ಮಾ, ಆ ಹಾಸಿಗೆ ತಗೊಂಡೋರು ನಾವಲ್ಲ. ತಗೊಂಡೋರು ಚೆನ್ನಾಗಿ ನಿದ್ದೆ ಮಾಡ್ತಿರಲಿ. ನೀವು ನೀರು ಕುಡೀರಿ, ಗಂಟಲು ಒಣಗಿದೆ,” ಎನ್ನುತ್ತಿದ್ದ. ಯಂತ್ರದ ದನಿ ಬಂದರೂ ಕೊನೆಯ ತನಕ ಕಿವಿ ಕೊಡುತ್ತಿದ್ದ. ಯಾಕೆಂದು ಕೇಳಿದರೆ ಅವನದು ಒಂದೇ ಉತ್ತರ. “ಬೀಗ ಬಿದ್ದ ಬಾಗಿಲ ಒಳಗೆ ಇರೋರಿಗೆ ತಕ್ಷಣ ಮಾತು ಬರಲ್ಲ ಕಣೇ. ಮೊದಲು ಬರೀ ಉಸಿರು. ಆಮೇಲೆ ‘ಕ್ಷಮಿಸಿ’ ಅಂತಾರೆ. ಆಮೇಲೆ ಕಷ್ಟ ಹೇಳ್ತಾರೆ. ಉಸಿರಿನಲ್ಲೇ ನಾವು ಫೋನು ಇಟ್ಟುಬಿಟ್ರೆ ಕಷ್ಟ ಹೇಳೋದು ಯಾರಿಗೆ?”

ನಂಬರಕ್ಕನ ದಾರಿಯೇ ಬೇರೆ. ಒಬ್ಬಳು ಹುಡುಗಿ ಸಾಲ ಬೇಕೇ ಎಂದು ಕೇಳಿದರೆ ಅವಳಿಂದಲೇ ಸಾಲ ಕೇಳಿದಳು. ಇನ್ನೊಬ್ಬನು ಮಾತಾಡುವಾಗ ಕೀ ಕೊರೆಯುವ ಯಂತ್ರಕ್ಕೆ ಫೋನು ಹಿಡಿದಳು. ರೋಸಿಹೋಗಿ ಒಂದು ದಿನ, “ನೀವು ಕೇಳಿದ ಯಜಮಾನರು ತೀರ್ಕೊಂಡ್ರು,” ಎಂದುಬಿಟ್ಟಳು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರಲ್ಲ, ಹಾಗಾಯಿತು. ಮರುದಿನದಿಂದ ಫೋಟೊಗೆ ಕಟ್ಟು ಹಾಕುವವರು, ಸಮಾಧಿ ಕಲ್ಲಿನವರು, ದುಃಖಕ್ಕೆ ಸಾಂತ್ವನ ಹೇಳುವ ತರಗತಿಯವರು ಸಾಲುಗಟ್ಟಿ ಫೋನು ಮಾಡಿದರು. ಆ ಫೋನುಗಳನ್ನು ಎತ್ತಿದ್ದು ತೀರಿಕೊಂಡವನೇ. ಫೋಟೊದವನಿಗೆ, “ಇನ್ನೂ ಸ್ವಲ್ಪ ಕಾಯಪ್ಪ, ಆಮೇಲೆ ನೋಡೋಣ,” ಎಂದ.

ಇನ್ನೊಂದು ದಿನ ಯಾವಳೋ ಹುಡುಗಿ, “ಮೇಡಂ, ನಿಮ್ಮ ಆಪ್ತರಿಗಾಗಿ ಕೊಂಡ ಕೈಗೆ ಕಟ್ಟುವ ಗುಂಡಿ ಸರಿಯಾಗಿ ಹೊಂದಿಕೊಂಡಿದೆಯಾ?” ಎಂದು ಕೇಳಿದಳು. “ನಮ್ಮ ಆಪ್ತರಿಗೆ ಕೈಯೂ ಇಲ್ಲ, ಕಾಲೂ ಇಲ್ಲ,” ಎಂದು ನಂಬರಕ್ಕ ಫೋನು ಕುಕ್ಕಿದಳು.

ಇದು ತಮಾಷೆಯಾಗಿ ಉಳಿಯಲಿಲ್ಲ. ಹೊಸದಾಗಿ ಕಟ್ಟಿದ ದೊಡ್ಡ ವಸತಿ ಕಟ್ಟಡದವರು ಅಷ್ಟೂ ಮನೆಗಳ ಬೀಗದ ಕೆಲಸ ಇವರಿಗೇ ಕೊಡಬೇಕೆಂದು ಫೋನು ಮಾಡಿದ್ದರಂತೆ. ಮಾಡಿದಾಗಲೆಲ್ಲ ಎಂಗೇಜ್. ಆ ಹೊತ್ತಿನಲ್ಲಿ ನಂಬರಣ್ಣ ಯಾರದೋ ತಲೆಹೊಟ್ಟಿನ ಬಗ್ಗೆ ಶಾಂಪೂ ಕಂಪನಿಯ ಹುಡುಗನ ಪ್ರಶ್ನೆಗಳನ್ನು ಪೂರ್ತಿ ಕೇಳುತ್ತಿದ್ದ. ಕೆಲಸ ಬೇರೆಯವರ ಪಾಲಾಯಿತು. ಅವತ್ತು ನಂಬರಕ್ಕ ಕೂಗಾಡಲಿಲ್ಲ. ಮೂಲೆಯಲ್ಲಿ ಕೂತು ಅತ್ತಳು. ಬಸ್ ಓಡಿಸುವ ಮಗಳು ಪಾಳಿ ಮುಗಿಸಿ ಬಂದವಳು ಅಮ್ಮನ ಮುಖ ನೋಡಿ ಅಪ್ಪನ ಎದುರು ಕೂತಳು.

“ಅಪ್ಪಾ, ಅಂಗಡಿ ಉಳೀಬೇಕಾ, ನಂಬರು ಉಳೀಬೇಕಾ? ಎರಡರಲ್ಲಿ ಒಂದು ಹೇಳಿ.”

ಅವನು ಹೆಂಡತಿಯ ಕಡೆ ನೋಡಿದ. “ಪೇಂಟರಿಗೆ ಹೇಳು,” ಎಂದ.

ಹಾಗೆ ಬಂದದ್ದು ಈ ಸೋಮವಾರ.

ಬೆಳಗಿನಿಂದ ನಂಬರಕ್ಕ ಗಂಡನ ಮಾತಿಗೆ ಕಟ್ಟುಬಿದ್ದು ಎಲ್ಲ ಫೋನನ್ನೂ ಎತ್ತಿದಳು. ಒಬ್ಬನು ನೀರು ಸೋಸುವ ಯಂತ್ರದ ಮಹಿಮೆ ಹೇಳಿದ. ಒಬ್ಬಳು ಮುಖದ ಕ್ರೀಮಿನ ಬಗ್ಗೆ ಒಂದರಿಂದ ಹತ್ತರೊಳಗೆ ಅಂಕ ಕೊಡಿ ಎಂದಳು. ನಂಬರಕ್ಕ ಹಲ್ಲು ಕಚ್ಚಿಕೊಂಡು ಅಂಕ ಕೊಟ್ಟಳು. ಇವತ್ತು ಒಂದೇ ದಿನ ತಾನೇ, ಕೊನೆಯ ದಿನದ ಪೂಜೆ ಸಲ್ಲಿಸೋಣ ಎಂದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಗಿರಾಕಿಯೊಬ್ಬರ ಕೀಯನ್ನು ಯಂತ್ರಕ್ಕೆ ಕಚ್ಚಿಸುತ್ತಿರುವಾಗ ಮತ್ತೆ ಫೋನು ಬಂತು. “ನಮಸ್ಕಾರ. ಇದು ಯಂತ್ರದಿಂದ ಬಂದಿರುವ ಕರೆ. ನಿಮ್ಮ ಆಪ್ತರಿಗಾಗಿ ನಮ್ಮ ಸೇವೆಯನ್ನು ಆರಿಸಿಕೊಂಡದ್ದಕ್ಕೆ ಧನ್ಯವಾದಗಳು…” ಎಂದು ಜೇನು ಸುರಿಯುವ ದನಿಯೊಂದು ಶುರುವಾಯಿತು. ಅವಳ ಹೆಬ್ಬೆರಳು ಅಭ್ಯಾಸಬಲದಿಂದ ಕೆಂಪು ಗುಂಡಿ ಒತ್ತಿತು. ಒತ್ತಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಗಂಡನಿಗೆ ಕೊಟ್ಟ ಮಾತು ಹೋಯಿತಲ್ಲ! ಯಂತ್ರ ತಾನೇ, ಅದಕ್ಕೇನು ಬೇಜಾರೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕೀ ಕೊರೆದು ಮುಗಿಸಿದಳು. ಗಿರಾಕಿ ಹೋದರು.

ಮತ್ತೆ ಅದೇ ದನಿ. “ನಮಸ್ಕಾರ. ಇದು ಯಂತ್ರದಿಂದ ಬಂದಿರುವ ಕರೆ…”

ಈ ಸಲ ಹೆಬ್ಬೆರಳನ್ನು ದೂರ ಹಿಡಿದಳು. ಧನ್ಯವಾದ ಮುಗಿಯಿತು. ಕಂಪನಿಯ ಗುಣಗಾನ ಮುಗಿಯಿತು. ಮುಂದುವರಿಯಲು ಒಂದನ್ನು ಒತ್ತಿ ಎಂದಿತು. ಒತ್ತಿದಳು. ಒಂದಿಷ್ಟು ಸಂಗೀತ ಬಂತು. ಕೊನೆಗೆ ಆ ಜೇನು ದನಿಯೇ, ಶಾಂಪೂ ವಿಷಯ ಹೇಳುವಷ್ಟೇ ಆರಾಮವಾಗಿ, “ನಿಮ್ಮ ಆಪ್ತರು ಸಹಾಯದ ಗುಂಡಿ ಒತ್ತಿದ್ದಾರೆ. ಈಗ ಅವರೊಂದಿಗೆ ಮಾತನಾಡಿ,” ಎಂದಿತು. ಪ್ರಾಣದ ಮಾತನ್ನು ಧನ್ಯವಾದದ ಹಿಂದೆ ಬಚ್ಚಿಟ್ಟ ಪುಣ್ಯಾತ್ಮ ಯಾರೋ, ಅವನನ್ನು ಒಂದು ದಿನ ಬೀಗ ಹಾಕಿದ ಕೋಣೆಯಲ್ಲಿ ಕೂಡಿಹಾಕಬೇಕು.

ಆಮೇಲೆ ಏನೂ ಕೇಳಲಿಲ್ಲ. ನಂಬರಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಳು. ಉಸಿರು. ಎಳೆದೆಳೆದು ಬರುವ ಉಸಿರು. ಗಂಡ ಹೇಳಿದ್ದು ನೆನಪಾಯಿತು. ಮೊದಲು ಬರೀ ಉಸಿರು. ಅವಳು ಕಾದಳು.

“ಕ್ಷಮಿಸಿ,” ಎಂದಿತು ಒಂದು ಹೆಣ್ಣು ದನಿ. “ತೊಂದರೆ ಕೊಡ್ತಿದ್ದೀನಿ.”

ನಂಬರಕ್ಕ ಎದ್ದು ನಿಂತಳು.

“ತೊಂದರೆ ಇಲ್ಲಮ್ಮ. ಹೇಳಿ. ನಾನು ಇಲ್ಲೇ ಇದ್ದೀನಿ.”

“ಅಡುಗೆಮನೆಯಲ್ಲಿ ಬಿದ್ದಿದ್ದೀನಿ. ಏಳೋಕೆ ಆಗ್ತಿಲ್ಲ. ನಾನು… ಹೊಲಿಗೆ ಟೀಚರು. ನಿಮ್ಮ ಯಜಮಾನರು ಒಂದು ಸಲ ನನ್ನ ಬಾಗಿಲು ತೆಗೆದಿದ್ರು. ಬೇಕರಿ ಮೇಲಿನ ಮನೆ. ಒಂದು ಕೀ ನಿಮ್ಮ ಹತ್ರ ಇದೆ.”

ನಂಬರಕ್ಕ ಮೊಳೆಯ ಕಡೆ ತಿರುಗಿದಳು. ಹಸಿರು ಕೋಟಿನ ಗುಂಡಿಯೊಂದನ್ನು ದಾರದಲ್ಲಿ ಪೋಣಿಸಿ ಕಟ್ಟಿದ ಕೀ ಅಲ್ಲೇ ಇತ್ತು. ಅವಳೇ ಕೊರೆದದ್ದು, ಅವಳೇ ಅರ ಉಜ್ಜಿದ್ದು. ಎಷ್ಟೋ ಸಲ ಧೂಳು ಹೊಡೆಯುವಾಗ, ಈ ಕಸವನ್ನೆಲ್ಲ ಯಾಕೆ ಇಟ್ಟುಕೊಂಡಿದ್ದಾರೋ ಎಂದು ಗೊಣಗಿಕೊಂಡಿದ್ದಳು.

ತನ್ನ ಸ್ವಂತ ಫೋನಿನಿಂದ ಆಂಬ್ಯುಲೆನ್ಸಿಗೆ ಹೇಳಿದಳು. ಗಂಡನ ಹೊಸ ನಂಬರಿಗೆ ಫೋನು ಮಾಡಿದಳು. ಅವನು ಊರಿನ ಆ ತುದಿಯ ಗೋಡೆಯ ಹತ್ತಿರ ಏಣಿ ಹಿಡಿದು ನಿಂತಿದ್ದ. “ನೀನು ಹೊರಡು, ನಾನು ಬರ್ತೀನಿ. ಮಾತು ಬಿಡಬೇಡ,” ಎಂದ. ಅವಳು ಶಟರನ್ನು ಅರ್ಧ ಎಳೆದು, ಏಪ್ರನ್ನಿನಲ್ಲೇ ರಸ್ತೆಗಿಳಿದಳು. ಒಂದು ಕೈಯಲ್ಲಿ ಕೀ, ಇನ್ನೊಂದು ಕೈಯಲ್ಲಿ ಹಳೆಯ ಫೋನು.

ಮಾತು ಬಿಡಬೇಡ ಎಂದನಲ್ಲ, ಆದರೆ ಏನು ಮಾತಾಡುವುದು? ಗುರುತು ಪರಿಚಯ ಅಷ್ಟಕ್ಕಷ್ಟೆ. ಆ ಕಡೆ ದನಿ ಸಣ್ಣದಾಗುತ್ತಾ ಹೋಗುತ್ತಿತ್ತು. “ಟೀಚರ್, ಟೀಚರ್,” ಎಂದು ಕರೆದರೆ ಒಮ್ಮೆ ಉತ್ತರ, ಒಮ್ಮೆ ಇಲ್ಲ. ಏನಾದರೂ ಕೇಳಬೇಕು, ಉತ್ತರ ಬರುವಂಥದು ಕೇಳಬೇಕು. ಅವಳ ಬಾಯಿಂದ ಹೊರಟ ಮಾತು ಕೇಳಿ ಅವಳಿಗೇ ಆಶ್ಚರ್ಯವಾಯಿತು.

“ಟೀಚರ್, ನಿಮ್ಮ ಅಮೂಲ್ಯ ಸಮಯದಲ್ಲಿ ಎರಡು ನಿಮಿಷ ಕೊಡ್ತೀರಾ? ನೀವು ಯಾವ ಸೋಪು ಬಳಸ್ತೀರಾ?”

“ಬಟ್ಟೆಗಾ, ಮೈಗಾ?” ಎಂದಿತು ದನಿ.

“ಎರಡಕ್ಕೂ ಹೇಳಿ.”

ಹೇಳಿದರು. ನಂಬರಕ್ಕ ಓಡುನಡಿಗೆಯಲ್ಲಿ ತರಕಾರಿ ಗಾಡಿಗಳ ನಡುವೆ ನುಸುಳುತ್ತಾ, ಎದುರು ಬಂದ ಸೈಕಲ್ಲಿಗೆ ಬೈಯುತ್ತಾ ಪ್ರಶ್ನೆ ಮೇಲೆ ಪ್ರಶ್ನೆ ಎಸೆದಳು. ವರ್ಷಗಟ್ಟಲೆ ಕಿವಿಗೆ ಬಿದ್ದದ್ದು ಒಂದೂ ಮರೆತಿರಲಿಲ್ಲ. ಟೂತ್‌ಪೇಸ್ಟು ಯಾವುದು? ಹಾಸಿಗೆ ಮೆತ್ತಗಿದೆಯೋ ಗಟ್ಟಿಯೋ? ನಮ್ಮ ಬಿಸ್ಕತ್ತನ್ನು ಸ್ನೇಹಿತರಿಗೆ ತಿನ್ನಿ ಅಂತ ಹೇಳ್ತೀರಾ? ಟೀಚರು ಒಂದೊಂದಕ್ಕೂ ತಡವರಿಸಿ ಉತ್ತರ ಕೊಟ್ಟರು. ಬಿಸ್ಕತ್ತಿನ ಪ್ರಶ್ನೆಗೆ ಸಣ್ಣಗೆ ನಕ್ಕಂತೆ ಕೇಳಿಸಿತು.

“ಮನೆಯಲ್ಲಿ ಎಷ್ಟು ಜನ?” ಎಂದು ಬಾಯಿ ತಪ್ಪಿ ಕೇಳಿಬಿಟ್ಟಳು.

“ಅಕ್ಕ ಹೋದ ಮೇಲೆ ಒಬ್ಬಳೇ.”

ನಂಬರಕ್ಕ ಹೆಜ್ಜೆ ಇನ್ನಷ್ಟು ಬಿರುಸು ಮಾಡಿದಳು. “ಒಂದರಿಂದ ಹತ್ತರೊಳಗೆ ನೋವು ಎಷ್ಟಿದೆ ಟೀಚರ್?” ಎಂದಳು.

“ಹತ್ತು. ನೀವು ಮಾತಾಡ್ತಿದ್ರೆ ಎಂಟು.”

ಬೇಕರಿಯ ಪಕ್ಕದ ಮೆಟ್ಟಿಲು ಕಡಿದಾಗಿತ್ತು. ಹತ್ತುವಾಗ ಅವಳ ಉಸಿರೂ ಟೀಚರ ಉಸಿರೂ ಫೋನಿನಲ್ಲಿ ಒಂದೇ ಆಗಿ ಕೇಳುತ್ತಿತ್ತು. ಮೇಲೆ ನೀಲಿ ಬಾಗಿಲು. ಜೀವಮಾನವೆಲ್ಲ ಕೀ ಕೊರೆದವಳು, ಬೇರೆಯವರ ಬಾಗಿಲೊಂದನ್ನು ತಾನೇ ತೆಗೆದದ್ದು ಅದೇ ಮೊದಲು. ಕೀ ಸುಲಭಕ್ಕೆ ತೂತಿಗೆ ಹೋಗಲಿಲ್ಲ. ಅವಸರ ಮಾಡಬಾರದು ಎಂದು ಗಂಡ ಹೇಳುತ್ತಿದ್ದದ್ದನ್ನು ನೆನೆದು ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಕೀ ಒಳಗೆ ಹೋಯಿತು, ತಿರುಗಿತು. ಒಳಗೆ ಬೀಗದ ನಾಲಿಗೆ ಸರಿದ ಸದ್ದು ಬಾಗಿಲಿನಿಂದಲೂ ಕೇಳಿತು, ಫೋನಿನಿಂದಲೂ ಕೇಳಿತು.

ಟೀಚರು ಒಲೆಯ ಕೆಳಗೆ ಒಂದು ಮಗ್ಗುಲಾಗಿ ಬಿದ್ದಿದ್ದರು. ಪಕ್ಕದಲ್ಲಿ ಚೆಲ್ಲಿದ ನೀರು, ಮಗುಚಿದ ಸ್ಟೂಲು. ಒತ್ತಿದರೆ ಹತ್ತಿರದವರಿಗೆ ಫೋನು ಹೋಗುವ, ಕೈಗೆ ಕಟ್ಟಿದ ಸಣ್ಣ ಬಿಳಿ ಗುಂಡಿಯ ಮೇಲೆ ಬೆರಳು ಇನ್ನೂ ಒತ್ತಿಕೊಂಡೇ ಇತ್ತು. ನಂಬರಕ್ಕ ನೆಲದ ಮೇಲೆ ಕೂತು ಆ ಬೆರಳನ್ನು ಮೆಲ್ಲಗೆ ಬಿಡಿಸಿ ತನ್ನ ಕೈಯೊಳಗೆ ಇಟ್ಟುಕೊಂಡಳು. ಟೀಚರ ಅಂಗೈಗೆ ಹಿತ್ತಾಳೆಯ ಪುಡಿ ಮೆತ್ತಿತು.

“ಮೊದಲನೇ ಸಲ ಒತ್ತಿದಾಗ ಯಾರೂ ಸಿಗಲಿಲ್ಲ,” ಎಂದರು ಟೀಚರು. “ಕೆಲಸದಲ್ಲಿರ್ತಾರೆ ಅಂದ್ಕೊಂಡೆ.”

ನಂಬರಕ್ಕನಿಗೆ ಎರಡನೆಯ ಸಲವೂ ತನ್ನ ಹೆಬ್ಬೆರಳು ಗೆದ್ದಿದ್ದರೆ ಎಂದು ನೆನೆದು ಮೈ ಜುಮ್ಮೆಂದಿತು. ಆ ನಡುಕ ಅವಳನ್ನು ಇವತ್ತಿಗೂ ಪೂರ್ತಿ ಬಿಟ್ಟಿಲ್ಲ.

ಆಂಬ್ಯುಲೆನ್ಸು ಬರುವವರೆಗೆ ಮಾತಾಡಿಸುತ್ತಲೇ ಇರಬೇಕಲ್ಲ, ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದನ್ನೇ ಕೇಳಿದಳು. “ಟೀಚರ್, ಊರಿನವರೆಲ್ಲ ಕಾಟ ತಪ್ಪಿಸ್ಕೊಳ್ಳೋಕೆ ನಮ್ಮ ನಂಬರು ಕೊಡ್ತಾರೆ. ನೀವೂ ಹಾಗೇ ಕೊಟ್ರಾ?”

“ಇಲ್ಲಮ್ಮ,” ಎಂದರು ಟೀಚರು. “ಈ ಗುಂಡಿ ಕೊಳ್ಳುವಾಗ ನಿಮಗೆ ಹತ್ತಿರದವರು ಯಾರು, ಅವರ ನಂಬರು ಕೊಡಿ ಅಂದ್ರು. ಅಂಗಡಿಯಲ್ಲಿ ಬಹಳ ಹೊತ್ತು ನಿಂತಿದ್ದೆ. ಅಕ್ಕನ ನಂಬರು ಬಾಯಿಗೆ ಬರ್ತಿತ್ತು, ಅವಳಿಲ್ಲ. ಅಕ್ಕನ್ನ ಆಸ್ಪತ್ರೆಯಲ್ಲಿ ಕಳ್ಕೊಂಡು ಬಂದ ದಿನ ಕೀ ಒಳಗೇ ಬಿಟ್ಟಿದ್ದೆ. ನಿಮ್ಮವರು ಬಂದು ತೆಗೆದ್ರು. ತೆಗೆದ ಮೇಲೂ ನನಗೆ ಒಳಗೆ ಕಾಲಿಡೋಕೆ ಆಗಲಿಲ್ಲ. ಅವರು ಏನೂ ಕೇಳಲಿಲ್ಲ. ಮೆಟ್ಟಿಲ ಮೇಲೆ ಕೂತ್ಕೊಂಡ್ರು. ನಾನೂ ಕೂತೆ. ನಾನು ಎದ್ದು ಒಳಗೆ ಹೋದ ಮೇಲೇ ಅವರು ಇಳಿದು ಹೋದದ್ದು. ಹತ್ತಿರದವರು ಅಂದಾಗ ಅವರೇ ನೆನಪಾದ್ರು. ನಂಬರಂತೂ ಗೋಡೆ ಮೇಲೇ ಇತ್ತಲ್ಲ.”

ಆ ದಿನ ನಂಬರಕ್ಕನಿಗೆ ಚೆನ್ನಾಗಿ ನೆನಪಿತ್ತು. ಒಂದು ಬೀಗಕ್ಕೆ ಅರ್ಧ ದಿನ ಬೇಕಾಯಿತೇ ಎಂದು ಗಂಡನಿಗೆ ಹಿಗ್ಗಾಮುಗ್ಗಾ ಬೈದಿದ್ದಳು. ಅವನು ಬೀಗ ಸ್ವಲ್ಪ ಗಟ್ಟಿಯಿತ್ತು ಎಂದಷ್ಟೇ ಹೇಳಿ ಕೈ ತೊಳೆಯಲು ಹೋಗಿದ್ದ. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ ಮನುಷ್ಯ, ಒಂದೇ ತಟ್ಟೆಯಿಂದ ಕಿತ್ತಾಡಿಕೊಂಡು ತಿಂದ ಮನುಷ್ಯ. ಅವನೊಳಗೆ ಇನ್ನೂ ಎಷ್ಟು ಬಾಗಿಲುಗಳಿವೆಯೋ ಎಂದು ಅವಳು ಬೆರಗಾಗಿ ಕೂತಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಅವನೇ ಏದುಸಿರು ಬಿಡುತ್ತಾ ಬಂದ, ಅಂಗಿಯ ಮೇಲೆಲ್ಲ ಬಿಳಿ ಬಣ್ಣ. ಹಿಂದೆ ಬ್ರಷ್ಷು ಹಿಡಿದುಕೊಂಡೇ ಪೇಂಟರು. ಆಂಬ್ಯುಲೆನ್ಸಿನವರೂ ಬಂದರು. ಸೊಂಟದ ಮೂಳೆ ಬಿರುಕು ಬಿಟ್ಟಿದೆ, ನೆಟ್ಟಗಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು.

ಸಂಜೆ ಗಂಡಹೆಂಡಿರು ನಡೆದುಕೊಂಡು ಬರುತ್ತಿದ್ದರು. ದಾರಿಯಲ್ಲಿ ಬೆಳಿಗ್ಗೆ ಬಿಳಿ ಬಳಿದ ಮೊದಲ ಗೋಡೆ ಸಿಕ್ಕಿತು. ಒಂದೇ ಕೈ ಬಣ್ಣವಾದ್ದರಿಂದ ಒಣಗಿದ ಮೇಲೆ ಹಳೆಯ ಅಂಕಿಗಳು ಕೆಳಗಿನಿಂದ ಮಸುಕಾಗಿ ಕಾಣುತ್ತಿದ್ದವು. ನಂಬರಕ್ಕ ಅಲ್ಲೇ ನಿಂತಳು. ಗೋಡೆಯ ಮುಂದೆ ಜನ ಹಾದುಹೋಗುತ್ತಿದ್ದರು, ಎದುರಿನ ಕಟ್ಟಡಗಳಲ್ಲಿ ಒಂದೊಂದೇ ಕಿಟಕಿಗೆ ದೀಪ ಬರುತ್ತಿತ್ತು. ಇವರಲ್ಲಿ ಕಾಟ ತಪ್ಪಿಸಿಕೊಳ್ಳಲು ಈ ನಂಬರು ಕೊಟ್ಟವರೆಷ್ಟು ಮಂದಿಯೋ, ಬೇರೆ ಯಾರ ನಂಬರೂ ಇಲ್ಲದೆ ಕೊಟ್ಟವರೆಷ್ಟು ಮಂದಿಯೋ. ಬೇರ್ಪಡಿಸಿ ಹೇಳುವವರು ಯಾರು? ಪೂರ್ತಿ ಕೇಳಿದರೆ ಮಾತ್ರ ಗೊತ್ತಾಗುವುದು. ಅವಳು ಆ ಗೋಡೆಯನ್ನೇ ನೋಡುತ್ತಾ ಉಳಿದಳು, ದೊಡ್ಡ ನೀರಿನ ಮುಂದೆ ನಿಂತವರ ಹಾಗೆ.

ಪೇಂಟರು ಹಿಂದೆಯೇ ಬಂದು ಡಬ್ಬ ಇಳಿಸಿದ. “ಅಕ್ಕಾ, ಇನ್ನೊಂದು ಕೈ ಹೊಡೆದ್ರೆ ಪೂರ್ತಿ ಮುಚ್ಚುತ್ತೆ. ನಾಳೆ ಹೊಡೀಲಾ?”

“ಬೇಡ. ಅದನ್ನೇ ಮತ್ತೆ ಬರಿ.”

“ಹಳೇ ನಂಬರಾ?”

“ಹಳೇದೇ. ಹೊಸ ನಂಬರು ಕೆಲಸ ಕೊಡೋ ದೊಡ್ಡ ಮನುಷ್ಯರಿಗೆ ಇರಲಿ. ಗೋಡೆ ಮೇಲೆ ಇದೇ ಇರಲಿ.” ಗಂಡನ ಕಡೆ ನೋಡದೆ ಮುಂದುವರಿಸಿದಳು. “ಮತ್ತೆ, ಏನಯ್ಯಾ, ಹಿಂದಿನ ಸಲದ ಹಾಗೇ ತಪ್ಪಾಗೇ ಬರಿ. ಹೆಸರಿಗೆ ಜಾಗ ಉಳೀದಿದ್ರೂ ಪರವಾಗಿಲ್ಲ.”

ನಂಬರಣ್ಣ ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡ. ಕನ್ನಡಕದಲ್ಲಿ ಬಣ್ಣವೇನೂ ಬಿದ್ದಿರಲಿಲ್ಲ.

ಆಮೇಲೂ ಹಾಸಿಗೆಯವರು, ಕ್ರೀಮಿನವರು, ನಾಯಿಮರಿಯವರು ಫೋನು ಮಾಡುತ್ತಲೇ ಇದ್ದಾರೆ. ನಂಬರಕ್ಕ ಈಗಲೂ ಬೈಯುತ್ತಾಳೆ. ಆದರೆ ಮಾತು ಪೂರ್ತಿ ಕೇಳಿಸಿಕೊಂಡ ಮೇಲೆ ಬೈಯುತ್ತಾಳೆ.

ಟೀಚರು ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಅಂಗಡಿಯಲ್ಲಿ ಫೋನು ರಿಂಗಾಯಿತು. ಅದೇ ಕೈಗುಂಡಿಯ ಕಂಪನಿಯ ಹುಡುಗಿ. ಸೇವೆ ಹೇಗಿತ್ತು ಎಂದು ತಿಳಿಯಲು ಕೆಲವು ಪ್ರಶ್ನೆ ಕೇಳಬಹುದೇ ಎಂದಳು. ನಂಬರಕ್ಕ ಕೀ ಕೊರೆಯುವ ಯಂತ್ರ ನಿಲ್ಲಿಸಿ, ಸ್ಟೂಲು ಎಳೆದು ಕೂತಳು. ಮೊದಲು ಆ ಧನ್ಯವಾದದ ಪಾರಾಯಣ ತೆಗೆದುಹಾಕಿ, ಉಸಿರಾಡೋಕೆ ಆಗದೇ ಇರೋರನ್ನ ಕಾಯಿಸಬೇಡಿ ಎಂದು ಸರಿಯಾಗಿ ಮಂಗಳಾರತಿ ಮಾಡಿದಳು. ಹುಡುಗಿ ಬರೆದುಕೊಂಡಳು. ನಂಬರಕ್ಕ ಅಂಕ ಕೇಳಿದ್ದಕ್ಕೆಲ್ಲ ಅಂಕ ಕೊಟ್ಟಳು.

“ಕೊನೇ ಪ್ರಶ್ನೆ ಮೇಡಂ,” ಎಂದಳು ಹುಡುಗಿ. “ನೀವು ಅವರಿಗೆ ಏನಾಗಬೇಕು? ತಾಯಿ, ಮಗಳು, ಅಕ್ಕತಂಗಿ, ಸೊಸೆ?”

ನಂಬರಕ್ಕ ಮೊಳೆಯ ಕಡೆ ನೋಡಿದಳು. ಹಸಿರು ಗುಂಡಿಯ ಕೀ ತನ್ನ ಜಾಗಕ್ಕೆ ಮರಳಿ ಬಂದಿತ್ತು.

“ಅದು ಯಾವುದೂ ಅಲ್ಲಮ್ಮ,” ಎಂದಳು. “ಹತ್ತಿರದವರು ಅಂತ ಬರ್ಕೋ.”